ಟೇಪಿನಲ್ಲಿ ಉಳಿದ ನಿನ್ನ ಪ್ರಶ್ನೆ

ಆಲ್ವಿನ್,

ನಾವಿಬ್ಬರೂ ಮೆಚ್ಚಿದ್ದ ಬ್ಯಾಂಡಿನ ಹಳೆಯ ರೆಕಾರ್ಡಿಂಗ್‌ಗಳೆಲ್ಲ ಒಂದು ದೊಡ್ಡ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಿವೆ. ಅದರಲ್ಲಿ ಶೆಫೀಲ್ಡ್ ಊರಿನ ಷೋ ಮಾತ್ರ ನನ್ನ ಟೇಪಿನದು. ಸ್ಕಾರ್ಫಿನೊಳಗೆ ಮೈಕು ಬಚ್ಚಿಟ್ಟು ಕದ್ದು ರೆಕಾರ್ಡ್ ಮಾಡಿದ್ದು. ಅದು ಪಕ್ಕದಲ್ಲೇ ಕೂತಿದ್ದ ನಿನಗೂ ಗೊತ್ತಿರಲಿಲ್ಲ.

ಇವತ್ತು ರೆಕಾರ್ಡ್ ಅಂಗಡಿಯಲ್ಲಿ ಅಭಿಮಾನಿಗಳೆಲ್ಲ ಒತ್ತೊತ್ತಾಗಿ ನಿಂತು ಅದನ್ನು ಕೇಳಿದೆವು. ಮೆಲ್ಲನೆಯ ಹಾಡಿನ ನಡುವೆ ನಿನ್ನ ದನಿ: "ನನ್ನ ಮದುವೆ ಆಗ್ತೀಯೇನೇ?"

"ಉತ್ತರಾನೇ ಕೊಡಲ್ಲ ನೋಡ್ರೋ, ಕಲ್ಲೆದೆಯವಳು!" ಅಂದ ಅಂಗಡಿಯ ಮಾಲೀಕ ಬ್ಯಾರಿ.

"ಬಾಗಿಲು ಬಡಿದದ್ದು ಕೇಳಿಸ್ತಾ? ಎದ್ದೇ ಹೋದ, ಪಾಪ," ಅಂದಳು ಅವನ ಹೆಂಡತಿ. ಎಲ್ಲರೂ ನಕ್ಕರು.

ಟೇಪು ಓಡುವಾಗ ಕೆಮ್ಮಲೂಬಾರದು ಅನ್ನೋದು ಕದ್ದು ರೆಕಾರ್ಡ್ ಮಾಡೋ ನಮ್ಮಂಥವರ ಕಟ್ಟುಪಾಡು ಕಣೋ. ಹೂಂ ಅನ್ನೋಕೆ ಹಾಡು ಮುಗಿಯಲಿ ಅಂತ ಕಾದಿದ್ದೆ, ಅಷ್ಟೇ.

"ಇನ್ನೊಂದ್ಸಲ ಹಾಕು, ಬ್ಯಾರಿ!"

ಹೊರಗೆ ಹೋಗಲು ದಾರಿಯಿರಲಿಲ್ಲ. ಟೇಪಿನಲ್ಲಿ ನೀನು ಮತ್ತೆ ಕೇಳಿದೆ. ನಾನು ಮತ್ತೆ ಉಸಿರು ಬಿಗಿಹಿಡಿದು ನಿಂತೆ.

ಮೋರೀನ್