ಲತೀಫಾ ಖಾಲಾ ಕೊಟ್ಟ ಉತ್ತರ

ರಾಜಶಾಹಿ, ಜನವರಿ ೧೪, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಓದುಗರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ, ಈಗ ತೀರಿಕೊಂಡಿರುವ ಲತೀಫಾ ಪಿಠಾ ತಿಂಡಿಗಳ ಬಗ್ಗೆ ಬರೆಯುತ್ತಿದ್ದ ವೆಬ್‌ಸೈಟನ್ನು, ಅದರ ಹೆಸರಿನ ನೋಂದಣಿ ಅವಧಿ ಮುಗಿದಾಗ, ನಮ್ಮ ಆಫೀಸಿನ ಮಾಲೀಕ ಮುಸ್ತಾಕ್ ಭಾಯಿ ಕೊಂಡುಕೊಂಡರು. ಎಷ್ಟೋ ಜನ ಪ್ರೀತಿಯಿಂದ ಅದಕ್ಕೆ ಕೊಟ್ಟ ಲಿಂಕುಗಳಿಂದಾಗಿ ಗೂಗಲ್‌ಗೆ ಇನ್ನೂ ಖಾಲಾ ಮೇಲೆ ನಂಬಿಕೆ. ಆ ತಿಂಡಿಗಳ ನಡುವೆ ಗಿರಾಕಿಗಳ ಜೂಜಿನ ಸೈಟುಗಳಿಗೆ ಲಿಂಕು ಸೇರಿಸಿ, ಗೂಗಲ್ ಹುಡುಕಾಟದಲ್ಲಿ ಅವು ಮೇಲೆ ಬರುವಂತೆ ಮಾಡುವುದೇ ನನ್ನ ಕೆಲಸ.

ಬೆಳಿಗ್ಗೆ ಹಳೆಯ ಓದುಗರಲ್ಲಿ ಒಬ್ಬಾಕೆ ಸೈಟಿನ ಕಾಮೆಂಟಿನಲ್ಲಿ ಕೇಳಿದ್ದಳು: "ಖಾಲಾ, ಮತ್ತೆ ಬರೀತಿದ್ದೀರಾ? ಹುಷಾರಾದ್ರಾ?"

"ಹೂಂ ಅನ್ನು ಮುನೀರಾ," ಎಂದರು ಭಾಯಿ. "ಸತ್ತವರ ಸೈಟು ಅಂದ್ರೆ ಯಾರು ಬರ್ತಾರೆ?"

ಖಾಲಾ ಹೆಸರಲ್ಲೇ ಬರೆದೆ: "ಹುಷಾರಾದೆ, ಮಗಳೇ."

ಸಂಜೆ ಅದರ ಕೆಳಗೆ ಖಾಲಾರ ಸ್ವಂತ ಮಗಳು ಬರೆದಿದ್ದಳು. ಅಳಿಸಿಬಿಡು ಎಂದರು ಭಾಯಿ. ಅಳಿಸಿದೆ. ಆದರೂ ಕಣ್ಣು ಮುಚ್ಚಿದರೆ ಅದೇ ಸಾಲು:

"ಹಾಗಾದ್ರೆ ನಾವು ಮಣ್ಣು ಮಾಡಿದ್ದು ಯಾರನ್ನಮ್ಮಾ?"