ಹಾಜಿಯ ಗಡಿಯಾರದಲ್ಲಿ ನಾಲ್ಕು

ಏಪ್ರಿಲ್ 4, ಶುಕ್ರವಾರ

ಒಂದೂ ಐವತ್ತಕ್ಕೆ ಸೆಂಟರು. ಎಂದಿನಂತೆ ಹತ್ತು ನಿಮಿಷ ಮೊದಲೇ. ಗುಮಾಸ್ತ ಫಿಕ್ರಿ ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿದ. 'ನೋಡಲು ಬಂದವರು' ಎಂಬ ಕಾಲಮ್ಮು. ವಗ್ದಿ ಎಂದು ಬರೆದು ಪಕ್ಕದಲ್ಲಿ 'ಅಪ್ಪ' ಎಂದು ಸೇರಿಸಿದೆ. ಅವನು ಎಂದಿನಂತೆ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದ.

"ಉಸ್ತಾ, ಕಾಲಮ್ಮಲ್ಲಿ ಅದಕ್ಕೆ ಜಾಗ ಇಲ್ಲ."

"ಇಲ್ದಿದ್ರೆ ಮಾಡ್ಕೊಳ್ರೀ."

ಲಿಫ್ಟ್ ರಿಪೇರಿ ಮಾಡುವವನಿಗೆ 'ಉಸ್ತಾ', ಅಂದರೆ ಮೇಸ್ತ್ರಿ, ಎನ್ನುತ್ತಾನೆ; 'ಅಪ್ಪ' ಎನ್ನಲಾರ. ಎರಡು ವರ್ಷದಿಂದ ಇದೇ ಜಗಳ. ಅವನ ಪೆನ್ನಿನ ಮಸಿ ಮುಗಿಯಲಿ, ನಾನು ಬಿಡುವುದಿಲ್ಲ. ಜಿರಾಫೆ ನೋಡಲು ಬಂದವನೇ ನಾನು? ವಿಚ್ಛೇದನವಾದ ಮೇಲೆ ಕೋರ್ಟು ನನಗೆ ಕೊಟ್ಟದ್ದು ಇಷ್ಟು — ವಾರಕ್ಕೊಮ್ಮೆ, ಶುಕ್ರವಾರ, ಎರಡರಿಂದ ಐದು, ಈ ಯುವಜನ ಕೇಂದ್ರದ ಅಂಗಳ. ಇಡೀ ತಾಂತಾ ಊರಿನಲ್ಲಿ ನನ್ನ ಮಗಳ ಜೊತೆ ನಾನು ಕೂರಬಹುದಾದ ಜಾಗ ಇದೊಂದೇ.

ಜುಮಾನಾಳನ್ನು ಅವಳಜ್ಜ, ತಾಯಿಯ ಅಪ್ಪ, ಹಾಜಿ ಶಾಹೀನ್ ಕರೆತಂದರು. ಅವಳ ತಾಯಿ ಇನಾಸ್ ಈಗ ಶುಕ್ರವಾರವೂ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಾಳಂತೆ. ಹಾಜಿಯದು ಹಿಟ್ಟಿನ ಗಿರಣಿ ಇತ್ತು. ಐವತ್ತು ವರ್ಷ ತಕ್ಕಡಿ ಹಿಡಿದ ಜೀವ, ಈಗ ನನ್ನ ಮಗಳನ್ನೂ ತೂಗಿಯೇ ಕೊಡುತ್ತದೆ. ಗೇಟಿನ ಬಳಿಯ ಬೆಂಚಿನಲ್ಲಿ ಕೂತು ಕೈಗಡಿಯಾರ ನೋಡುತ್ತಾರೆ. ಮುಳ್ಳು ಐದಕ್ಕೆ ಬಂತೋ, ಎದ್ದರು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಜುಮಾನಾ ಹಬ್ಬದ ಕಹ್ಕ್ ಬಿಸ್ಕತ್ತು ತಿನ್ನುತ್ತಿದ್ದಳು. ಮೂಗಿನ ಮೇಲೆಲ್ಲ ಸಕ್ಕರೆ ಪುಡಿ. ಆಗ ಕೇಳಿದಳು.

"ಬಾಬಾ, ನಿನ್ನ ಹಾಸಿಗೆ ಎಲ್ಲಿದೆ? ಪಿಂಗ್‌ಪಾಂಗ್ ಟೇಬಲ್ ಹಿಂದೇನಾ?"

"ಇಲ್ಲಿ ಯಾಕಮ್ಮ ಹಾಸಿಗೆ?"

"ಮತ್ತೆ ನೀನಿರೋದು ಇಲ್ಲೇ ಅಲ್ವಾ? ಮಿಸ್‌ಗೆ ಹೇಳ್ದೆ ನಾನು, ನಮ್ಮ ಬಾಬಾ ಸೆಂಟರಲ್ಲಿರ್ತಾರೆ ಅಂತ. ಫಿಕ್ರಿ ಅಂಕಲ್ಲೇ ನಿಂಗೆ ಊಟ ಹಾಕ್ತಾರಾ?"

ಆರು ವರ್ಷದ ಕೂಸು. ಅಲ್ಲಿ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅವಳಿಗೆಂದು ಹಳದಿ ಬಣ್ಣ ಬಳಿದ ಮಂಚ ಎರಡು ವರ್ಷದಿಂದ ಇಲ್ಲಿದೆ, ಅದರ ಮೇಲೆ ನನ್ನ ಸ್ಪ್ಯಾನರುಗಳು ಮಲಗುತ್ತಿವೆ. ಅವಳು ಈ ಮನೆ ನೋಡಬೇಕು. ನೋಡಲೇಬೇಕು. ಯಾರು ಅಡ್ಡ ಬರುತ್ತಾರೋ ಬರಲಿ.

ಏಪ್ರಿಲ್ 7, ಸೋಮವಾರ

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಅಪ್ಪಂದಿರ ಸಭೆ. ಹನ್ನೊಂದು ಗಂಡಸರು, ಒಂದು ಫ್ಯಾನು. ನಡೆಸುವವರು ಮದಾಮ್ ಸುಹೈರ್. ಈ ನೋಟ್‌ಬುಕ್ ಕೊಟ್ಟವರೂ ಅವರೇ — "ಫೋನಲ್ಲಿ ಬೈಬೇಡಿ, ಇದರಲ್ಲಿ ಬೈರಿ. ಇದು ಸಾಕ್ಷಿ ಹೇಳೋಕೆ ಕೋರ್ಟಿಗೆ ಬರಲ್ಲ."

ಇವತ್ತಿನ ಪಾಠ, ಮಗುವಿನ ತಾಯಿಗೆ ಮೆಸೇಜು ಬರೆಯುವುದು. ಐದು ಸಾಲು ಮೀರಕೂಡದು. ಮಗುವಿನ ವಿಷಯ ಮಾತ್ರ. ಹಳೆಯದು ಕೆದಕಕೂಡದು.

ಸಾಬಿರ್ ಎದ್ದ. ಮಿನಿಬಸ್ ಡ್ರೈವರು. ಐದು ವರ್ಷದಿಂದ ಸೆಂಟರಿಗೆ ಬರುತ್ತಿದ್ದಾನೆ, ಅಲ್ಲಿ ಅಪ್ಪಂದಿರು ಕೂರುವ ನಮ್ಮ ಮೇಜಿಗೆಲ್ಲ ಅವನೇ ಹಿರಿಯ. "ಮದಾಮ್, ಹಳೇದು ಬಿಟ್ರೆ ನಮ್ಮತ್ರ ಏನಿದೆ? ನನ್ನ ಬಸ್ಸೂ ಹಳೇದೇ."

ಮನೆಗೆ ಬಂದು ಬರೆದೆ. ಮೊದಲನೆಯದರಲ್ಲಿ 'ನಿನ್ನಪ್ಪ ಎಂಬ ಜೈಲರು' ಎಂದು ಬಂತು. ಅಳಿಸಿದೆ. ಎರಡನೆಯದು ಹದಿನೇಳು ಸಾಲು. ಮೂರನೆಯದರಲ್ಲಿ ಅವಳ ಅಮ್ಮ, ನಮ್ಮ ಮದುವೆಯ ಸೋಫಾ, ಎಲ್ಲ ಬಂದರು. ನಾಲ್ಕನೆಯದು ಕಳಿಸಿದೆ —

'ಇನಾಸ್, ನಾನು ಸೆಂಟರಿನಲ್ಲೇ ವಾಸವಾಗಿದ್ದೇನೆ ಎಂದು ಜುಮಾನಾ ತಿಳಿದಿದ್ದಾಳೆ. ಒಂದು ಸಲ ನನ್ನ ಮನೆ ತೋರಿಸಬೇಕು. ನೀನೂ ಬಾ, ಇಲ್ಲವೇ ಯಾರನ್ನಾದರೂ ಜೊತೆಗೆ ಕಳಿಸು.'

ಓದಿದ್ದಾಳೆ. ಎರಡು ನೀಲಿ ಗೆರೆ ಬಿತ್ತು. ಉತ್ತರವಿಲ್ಲ.

ಏಪ್ರಿಲ್ 11, ಶುಕ್ರವಾರ

ಬರಲಿಲ್ಲ.

ಒಂದು ಗಂಟೆ ಕಾಯಬೇಕೆಂಬುದು ಸೆಂಟರಿನ ನಿಯಮ. ಮೂರಕ್ಕೆ ಫಿಕ್ರಿ 'ಗೈರು' ಎಂದು ಬರೆದು, ಮೊಹರು ಒತ್ತಿ, ನನಗೊಂದು ಪ್ರತಿ ಕೊಟ್ಟ.

"ಇನ್ನು ಹೊರಡಿ ಉಸ್ತಾ."

"ನನ್ನ ಸಮಯ ಐದರ ತನಕ. ಕೂರ್ತೀನಿ."

ಕೂತೆ. ಬೇರೆಯವರ ಮಕ್ಕಳು ಚೆಂಡು ಆಡುವುದನ್ನು ನೋಡುತ್ತ ಐದರ ತನಕ ಕೂತೆ. ಮನೆ ತೋರಿಸುತ್ತೇನೆ ಎಂದದ್ದಕ್ಕೆ ಇದು ಉತ್ತರ. ಇರಲಿ.

ಏಪ್ರಿಲ್ 18, ಶುಕ್ರವಾರ

ಇವತ್ತೂ ಇಲ್ಲ. ಎರಡನೇ ಕಾಗದ.

ಸಾಬಿರ್ ಕಾಗದವನ್ನು ಬೆಳಕಿಗೆ ಹಿಡಿದು ಮೊಹರು ಪರೀಕ್ಷಿಸಿದ. "ಇನ್ನೊಂದು ಬೀಳ್ಲಿ ಉಸ್ತಾ! ಸಾಲಾಗಿ ಮೂರಿದ್ರೆ ನೇರ ಕೋರ್ಟಿಗೆ ಹೋಗು. ಮಗೂನ ಸ್ವಲ್ಪ ದಿನ ಅವಳ ಕೈಯಿಂದ ಬಿಡಿಸಬೋದು. ಆಗ ಬರ್ತಾಳೆ ನೋಡು ನಿನ್ನ ಬಾಗಿಲಿಗೆ, ಅಳ್ತಾ. ನಮ್ಮ ಮೇಜಲ್ಲಿ ಇಷ್ಟು ವರ್ಷದಲ್ಲಿ ಯಾರಿಗೂ ಮೂರು ಬಿದ್ದಿಲ್ಲ."

ಖುಷಿಯಾಯಿತು. ಬರೆದಿಡುತ್ತೇನೆ, ನಾಚಿಕೆಯಿಲ್ಲ. ನನ್ನ ಮಗಳನ್ನು ಮುಚ್ಚಿಟ್ಟವರು ಅಳಲಿ. ಮೂರನೆಯದೂ ಬರಲಿ.

ಏಪ್ರಿಲ್ 19

ಬೈದೆ. ಮೂರು ಪುಟ. ಹರಿದು ಹಾಕಿದೆ. ಮದಾಮ್ ಹೇಳಿದ್ದು ನಿಜ, ಸ್ವಲ್ಪ ಇಳಿಯುತ್ತದೆ.

ಏಪ್ರಿಲ್ 21, ಸೋಮವಾರ

ವಸಂತದ ಹಬ್ಬ. ಊರಿಗೆ ಊರೇ ಉಪ್ಪುಮೀನು, ಬಣ್ಣದ ಮೊಟ್ಟೆ ಕಟ್ಟಿಕೊಂಡು ಹುಲ್ಲಿನ ಮೇಲೆ. ನನಗೆ ಕರೆ — ಒಂಬತ್ತು ಮಹಡಿಯ ಕಟ್ಟಡ, ಲಿಫ್ಟು ನಡುವೆ ನಿಂತಿದೆ, ಒಳಗೆ ಗಂಡ, ಹೆಂಡತಿ, ಮಗು, ಒಂದು ಬುಟ್ಟಿ ಮೀನು. ಮೇಲಿನ ಯಂತ್ರದ ಕೋಣೆಗೂ ಕೇಳುತ್ತಿತ್ತು ಜಗಳ. ಮೆಟ್ಟಿಲಲ್ಲಿ ಹೋಗೋಣ ಎಂದವರು ಯಾರು, ಬೇಡ ಎಂದವರು ಯಾರು. ಇಬ್ಬರೂ ಬಾಗಿಲನ್ನು ಆ ಕಡೆ ಈ ಕಡೆ ಜಗ್ಗುತ್ತಿದ್ದರು. ಮಗು ಅಳುತ್ತಿತ್ತು.

"ಬಾಗಿಲು ಬಿಡ್ರೀ ಇಬ್ರೂ!" ಎಂದು ಕೂಗಿದೆ. "ನೀವು ಜಗ್ತಿದ್ರೆ ನಾನು ಬ್ರೇಕ್ ಬಿಡ್ಸೋಕಾಗಲ್ಲ."

ಬಿಟ್ಟರು. ಕೈಯಿಂದ ಚಕ್ರ ತಿರುಗಿಸಿ ಲಿಫ್ಟು ಇಳಿಸಿದೆ. ಕೆಳಗೆ ಓಡಿ ಮೊದಲು ಮಗುವನ್ನು ಎತ್ತಿಕೊಂಡೆ. ನನ್ನ ಕುತ್ತಿಗೆ ತಬ್ಬಿತು, ಬಿಡಲೊಲ್ಲದು. ಅಂಗಿಗೆ ಇನ್ನೂ ಮೀನಿನ ನಾತ. ಒಗೆಯಲು ಮನಸ್ಸಾಗಲಿಲ್ಲ.

ಏಪ್ರಿಲ್ 25, ಶುಕ್ರವಾರ. ಸಂಜೆ ಏಳು — ಸರ್ಕಾರದ ಏಳು

ಎಲ್ಲ ಬರೆಯಬೇಕು. ಒಂದೂ ಬಿಡದೆ.

ಬೇಸಿಗೆಯ ವೇಳೆ ಇವತ್ತಿನಿಂದ ಶುರು. ನಡುರಾತ್ರಿ ಸರ್ಕಾರ ಗಡಿಯಾರವನ್ನು ಅಕ್ಟೋಬರ್ ತನಕ ಒಂದು ಗಂಟೆ ಮುಂದೆ ತಳ್ಳಿತು. ಫೋನು ತಾನೇ ತಿರುಗಿಸಿಕೊಂಡಿತ್ತು. ನಾನು ಎಂದಿನಂತೆ ಒಂದೂ ಐವತ್ತಕ್ಕೆ ಹಾಜರು.

ಎರಡು. ಎರಡೂವರೆ. ಮೂರು. ಫಿಕ್ರಿ ಮೊಹರು ಒತ್ತಿದ. ಮೂರನೇ ಕಾಗದ ನನ್ನ ಕೈಯಲ್ಲಿ.

ಸಾಬಿರ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ಇಡೀ ಮೇಜಿಗೆ ಕಬ್ಬಿನ ಹಾಲು ತರಿಸಿದ. ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ — ಗೇಟಿನಲ್ಲಿ ಜುಮಾನಾ. ಹಿಂದೆ ಕೋಲೂರಿಕೊಂಡು ಹಾಜಿ. ಮಗುವಿನ ಮುಖದ ತುಂಬ ಒಣಗಿದ ಕಲೆ.

"ಐದು ನಿಮಿಷ ತಡ ಆಯ್ತು," ಎಂದರು ಹಾಜಿ, ಫಿಕ್ರಿಯ ಮುಂದೆ ಕೈಗಡಿಯಾರ ಹಿಡಿದು. "ಎರಡೂ ಐದು. ಬರ್ಕೊಳಪ್ಪ."

"ಮೂರೂ ಐದು, ಹಾಜಿ. ಟೈಮ್ ಬದಲಾಯ್ತಲ್ಲ."

"ಯಾರ ಟೈಮು? ಸೂರ್ಯನಿಗೆ ನೋಟೀಸ್ ಕೊಟ್ಟಿದಾರಾ? ನಾನು ತಿರುಗಿಸಲ್ಲ. ಯಾವತ್ತೂ ತಿರುಗಿಸಿಲ್ಲ. ನಮ್ಮನೇಲಿ ದೇವರ ಟೈಮು."

ಹೋದ ವರ್ಷ ಮಗುವನ್ನು ಕರೆತರುತ್ತಿದ್ದವಳು ಇನಾಸ್. ಇವತ್ತು ಅವಳು ಬೆಳಿಗ್ಗೆಯೇ ಅಂಗಡಿಗೆ ಹೋಗಿದ್ದಳು. ಮುದುಕರ ಗಡಿಯಾರ ನೋಡುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಸಾಬಿರ್ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದ. "ಎದ್ದು ಹೋಗ್ಬಿಡು. ಹಿಂದಿನ ಬಾಗಿಲಿದೆ. ಮಗೂನ ಮುಟ್ಟಿದ್ಯೋ, ಕಾಗದ ಹಾಳು."

ಅವಳು ಓಡಿ ಬರುತ್ತಿದ್ದಳು. ಒಂದು ಚಪ್ಪಲಿ ಕಳಚಿ ಬಿದ್ದಿತ್ತು.

ಅರೆಗಳಿಗೆ ಯೋಚಿಸಿದೆ. ಅದನ್ನೂ ಬರೆಯುತ್ತೇನೆ. ಆಮೇಲೆ ಎತ್ತಿಕೊಂಡೆ. ಕಲೆ ಕಲೆಯ ಮುಖಕ್ಕೆಲ್ಲ ಮುತ್ತಿಟ್ಟೆ.

"ನಂಗೆ ಸೀತಾಳೆ ಸಿಡುಬು ಬಂದಿತ್ತು ಬಾಬಾ! ಎಣಿಸ್ದೆ. ಹೊಟ್ಟೆ ಮೇಲೆ ನಲ್ವತ್ತು!"

ಹಾಗಾದರೆ ಅದಕ್ಕೇ ಎರಡು ವಾರ. ಹಾಜಿಯ ಕಡೆ ತಿರುಗಿದೆ. "ಒಂದು ಮಾತು ಹೇಳ್ಬಾರ್ದಿತ್ತಾ? ನನ್ನ ಮಗಳಲ್ವಾ?"

"ಹೇಳೋಣ ಅಂದೆ. ಇನಾಸ್ ಬೇಡ ಅಂದ್ಲು. ಹೋದ್ಸಲ ಮಗು ಬಿದ್ದು ಹಲ್ಲು ಮುರೀತು ಅಂತ ಹೇಳಿದ್ದಕ್ಕೆ ನೀನೇನು ಕಳಿಸ್ದೆ? ಔಷಧಿಗೆ ದುಡ್ಡಾ? ವಕೀಲರ ನೋಟೀಸು!"

ನಿಜ. 'ತಾಯಿಯ ನಿರ್ಲಕ್ಷ್ಯ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಆಗ ನನಗೆ ತುಂಬ ತೃಪ್ತಿಯಾಗಿತ್ತು.

ಫಿಕ್ರಿಯ ಮೇಜಿಗೆ ಹೋದೆ. "ಬಂದಿದ್ದಾಳೆ ಅಂತ ಬರೀರಿ."

"ಮೊಹರು ಬಿದ್ದಿದೆ ಉಸ್ತಾ. ಅಳಿಸೋಕಾಗಲ್ಲ."

ಪುಸ್ತಕ ಎಳೆದುಕೊಂಡೆ. ಮೊಹರಿನ ಕೆಳಗೆ ನಾನೇ ಬರೆದೆ — 'ಮಗು ಬಂದಿದೆ. ತಂದ ಅಜ್ಜನದು ತಪ್ಪಿಲ್ಲ. ವಗ್ದಿ, ಅಪ್ಪ.' ಫಿಕ್ರಿ ಕೆಂಪು ಪೆನ್ನು ಎತ್ತಿದ. ನನ್ನ ಮುಖ ನೋಡಿದ. ಮುಚ್ಚಳ ಹಾಕಿ ಕೆಳಗಿಟ್ಟ.

"ಕೈಗೆ ಬಂದ ತುತ್ತು!" ಎಂದು ಸಾಬಿರ್ ತಲೆ ಚಚ್ಚಿಕೊಂಡ. "ಬಾಯಿಗೆ ಬರೋಕೆ ಬಿಟ್ನಾ ಇವನು? ಬಿಡ್ಲಿಲ್ಲ!" ನನ್ನ ಕಬ್ಬಿನ ಹಾಲನ್ನೂ ಅವನೇ ಕುಡಿದ.

ಐದಕ್ಕೆ ಫಿಕ್ರಿ ಗಂಟೆ ಬಾರಿಸಿ ಎಲ್ಲರನ್ನೂ ಹೊರಹಾಕಿ ಗೇಟಿಗೆ ಬೀಗ ಹಾಕಿದ. ಹಾಜಿ ಬೀದಿಯಲ್ಲಿ ನಿಂತು ಗಡಿಯಾರ ನೋಡಿದರು.

"ನಾಲ್ಕು," ಎಂದರು.

"ಐದು, ಹಾಜಿ," ಎಂದ ಫಿಕ್ರಿ ಒಳಗಿನಿಂದ.

"ನಾಲ್ಕು. ಕೋರ್ಟು ಹೇಳಿದ್ದು ಮೂರು ಗಂಟೆ. ಇವನಿಗೆ ಎರಡು ಸಿಕ್ಕಿದೆ. ಐವತ್ತು ವರ್ಷ ತಕ್ಕಡಿ ಹಿಡಿದಿದ್ದೀನಿ, ಒಬ್ಬರದ್ದೂ ಒಂದು ಹಿಡಿ ಹಿಟ್ಟು ತಿಂದಿಲ್ಲ. ಇವನ ಗಂಟೆ ತಿಂದು ನಾನು ಗೋರಿಗೆ ಹೋಗ್ಲಾ?"

ಆ ಮಾತನ್ನೇ ಹಿಡಿದೆ. "ಹಾಗಾದ್ರೆ ಆ ಒಂದು ಗಂಟೆ ಎಲ್ಲಿ ಕೂರೋಣ ಹಾಜಿ? ಗೇಟ್ ಹಾಕಿದ್ರು. ನನ್ನ ಮನೆ ಇಲ್ಲಿಂದ ಹತ್ತು ನಿಮಿಷ."

ಮುದುಕರು ನನ್ನನ್ನು ದುರುಗುಟ್ಟಿ ನೋಡಿದರು. ಸಿಕ್ಕಿಬಿದ್ದದ್ದು ಅವರಿಗೂ ಗೊತ್ತಾಯಿತು. ಫೋನು ತೆಗೆದು ಮಗಳಿಗೆ ಮಾಡಿದರು. ವಿಷಯವೆಲ್ಲ ಹೇಳಿದರು. ಮೂರನೇ ಕಾಗದ, ನಾನು ಬರೆದದ್ದು, ಎಲ್ಲ. ಆಮೇಲೆ ಫೋನನ್ನು ನನಗೆ ಚಾಚಿದರು.

ಎರಡು ವರ್ಷದಲ್ಲಿ ಅವಳು ನೇರ ನನ್ನ ಜೊತೆ ಮಾತಾಡಿದ್ದು ಇದೇ ಮೊದಲು.

"ಮೂರನೇದು ಬಿದ್ದಿತ್ತಂತೆ?"

"ಬಿದ್ದಿತ್ತು."

ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು.

"ಅಪ್ಪನಿಗೆ ಮಂಡಿನೋವು. ನಿಧಾನ ಹತ್ತಿಸು," ಎಂದಳು. ಇಟ್ಟಳು.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಮೂರು ವರ್ಷ. ಊರಿನ ಲಿಫ್ಟೆಲ್ಲ ರಿಪೇರಿ ಮಾಡುವ ನನಗೆ ಪಕ್ಕದ ಮನೆಗಳವರ ಜೊತೆ ಜಗಳ, ಅದಕ್ಕೇ ಇದನ್ನು ಮುಟ್ಟುವುದಿಲ್ಲ ಎಂಬ ಹಟ. ಐದು ಮಹಡಿ. ಪ್ರತಿ ಮಹಡಿಗೂ ಹಾಜಿ ನಿಂತು ನನಗೊಂದು, ಸರ್ಕಾರಕ್ಕೊಂದು ಶಾಪ ಹಾಕಿದರು. ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ಇದೇ ಮೊದಲು.

ಬಾಗಿಲು ತೆಗೆದೆ. ಜುಮಾನಾ ಹೊಸ್ತಿಲಲ್ಲೇ ನಿಂತಳು. ಒಳಗೆಲ್ಲ ಕಣ್ಣಾಡಿಸಿದಳು. ಹಳದಿ ಮಂಚ ನೋಡಿದಳು, ಒಳಗೆ ಬರಲಿಲ್ಲ.

"ಬಾರಮ್ಮ."

"ಸಹಿ ಎಲ್ಲಿ ಹಾಕ್ಬೇಕು ಬಾಬಾ?"

ಹಾಜಿ ಮುಖ ತಿರುಗಿಸಿ ಕರವಸ್ತ್ರ ತೆಗೆದರು. ಮೂಗು ಒರೆಸಿಕೊಳ್ಳುವ ನೆಪ.

"ಇಲ್ಲಿ ಸಹಿ ಇಲ್ಲ," ಎಂದೆ. "ಇದು ಮನೆ."

ಮಂಚದ ಮೇಲಿನ ಸ್ಪ್ಯಾನರುಗಳನ್ನು ಒಂದೊಂದಾಗಿ ಕೆಳಗಿಳಿಸಿ, ಏರಿ, ಕುಣಿದಳು. ನಾನು ಮೊಟ್ಟೆ ಕರಿದೆ. ಹಾಜಿ ಉಪ್ಪು ಕಡಿಮೆ ಎಂದು ಎರಡು ತಿಂದರು. ಅವರ ಐದಕ್ಕೆ ಸರಿಯಾಗಿ ಎದ್ದರು. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೊದಲೆರಡು ಕಾಗದ ಹರಿದಿಲ್ಲ. ಪೆಟ್ಟಿಗೆಯಲ್ಲಿವೆ. ಸಂತನಲ್ಲ ನಾನು.

ಏಪ್ರಿಲ್ 28, ಸೋಮವಾರ

ಸಭೆಯಲ್ಲಿ ಹೇಳಿದೆ. ಸಾಬಿರ್ ಎದ್ದು ನಿಂತು, "ಆ ಗಡಿಯಾರ ಎಲ್ಲಿ ಸಿಗತ್ತೆ? ನಮ್ಮ ಮಾವನಿಗೊಂದು ಕೊಡಿಸ್ಬೇಕು," ಎಂದ. ಎಲ್ಲರೂ ನಕ್ಕರು. ನಗು ನಿಂತ ಮೇಲೂ ಅವನು ಕೂರಲಿಲ್ಲ. ಮೆಸೇಜು ಬರೆಯುವ ಮೂರು ನಿಯಮವನ್ನು ಇನ್ನೊಮ್ಮೆ ಹೇಳಿ ಎಂದು ಮದಾಮರನ್ನು ಕೇಳಿದ.

ಇನಾಸಳಿಗೆ ಬರೆದೆ. 'ಹಲ್ಲಿನ ನೋಟೀಸು ನನ್ನ ತಪ್ಪು. ಇನ್ನು ಮೇಲೆ ಜ್ವರ ಬಂದರೆ ಹೇಳು. ವಕೀಲ ಬರುವುದಿಲ್ಲ, ನಾನು ಬರುತ್ತೇನೆ.' ಮೂರೇ ಸಾಲು. ಹಳೆಯದು ಕೆದಕಿದೆ, ಗೊತ್ತು. ಇದೊಂದು ಕೆದಕಲೇಬೇಕಿತ್ತು.

ಮೇ 1, ಗುರುವಾರ

ಉತ್ತರ ಬಂತು! 'ಅಪ್ಪ ಗಡಿಯಾರ ತಿರುಗಿಸುವುದಿಲ್ಲವಂತೆ. ಅಕ್ಟೋಬರ್ ತನಕ ಹೀಗೇ. ಮೊಟ್ಟೆಗೆ ಉಪ್ಪು ಜಾಸ್ತಿ ಹಾಕಬೇಡ, ಅವರಿಗೆ ಬಿ.ಪಿ.'

ಅಂದರೆ ಬೇಸಿಗೆಯುದ್ದಕ್ಕೂ ವಾರಕ್ಕೊಂದು ಗಂಟೆ, ಮನೆಯಲ್ಲಿ. ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿ ನೋಡೋಣ. ಅಷ್ಟರಲ್ಲಿ ಮಂಚಕ್ಕೆ ಹಾಸಿಗೆ ಬಂದಿರುತ್ತದೆ, ನಾನು ಕೇಳುವುದು ಇನ್ನೂ ಹೆಚ್ಚಾಗಿರುತ್ತದೆ.

ಪಕ್ಕದ ಮನೆಗಳವರ ಬಾಗಿಲು ತಟ್ಟಿ ಬಂದೆ. ಹಟ ಬಿಟ್ಟೆ. ಲಿಫ್ಟಿನ ಮೋಟರು ಬಿಚ್ಚಿದ್ದೇನೆ.

ಮೇ 2, ಶುಕ್ರವಾರ. ಸಂಜೆ ಐದೂವರೆ — ಹಾಜಿಯ ನಾಲ್ಕೂವರೆ

ಸೆಂಟರಿನಿಂದ ಈಗಷ್ಟೇ ಬಂದೆವು. ಲಿಫ್ಟು ಮೂರನೇ ಮಹಡಿಯವರೆಗೆ ಬಂದು ನಿಂತಿತು. ಹಾಜಿಯ ಶಾಪ ಈ ಸಲ ನನಗೊಬ್ಬನಿಗೇ. ಸರ್ಕಾರ ಪಾರಾಯಿತು. ಈಗ ಮಂಚದ ತುದಿಯಲ್ಲಿ ಕೂತು ಚಹಾ ಕೇಳುತ್ತಿದ್ದಾರೆ. ಜುಮಾನಾ ನನ್ನ ಹೆಗಲ ಮೇಲಿಂದ ಬಗ್ಗಿ, ಇದೇನು ಬರೀತಿದ್ದೀಯ ಎನ್ನುತ್ತಿದ್ದಾಳೆ. ಪೆನ್ನು ಕೊಡು, ನಾನೂ ಬರೀತೀನಿ ಎನ್ನುತ್ತಿದ್ದಾಳೆ. ಹೊಡೆದು ಹಾಕಲು ಇಲ್ಲಿ ಫಿಕ್ರಿ ಇಲ್ಲ. ಪೆನ್ನು ಕೊಡುತ್ತಿದ್ದೇ—