ಬೆಳ್ಳಗಾದ ಫೋಟೊ

ಮಾರ್ಚ್ ೧೪, ಗುರುವಾರ

ಆ ಸ್ಟುಡಿಯೊದವನ ಕೆನ್ನೆಗೆ ಬಾರಿಸಬೇಕಿತ್ತು. ಈಗಲೂ ಕೈ ತುರಿಸುತ್ತಿದೆ.

ನಮ್ಮ ಕಾಲೇಜು ತಂಡದ ಗೋಲ್‌ಕೀಪರ್ ಹುಟ್ಟಿದ್ದು ಇದೇ ಊರಲ್ಲಿ. ಆದರೂ ಅವನ ಬಣ್ಣ ನೋಡಿ ಹೊರಗಿನವನೆಂದುಕೊಂಡ ಪುಂಡರು "ಎಲ್ಲಿಂದ ಬಂದ್ಯೋ ಅಲ್ಲಿಗೇ ಹೋಗೋ ಕರಿಯಾ" ಅಂತ ಬಸ್‌ಸ್ಟಾಪಿನಲ್ಲಿ ಅವನನ್ನು ಬಡಿದು ಕೊಂದರು. ಇವತ್ತು ಅಲ್ಲೇ ಅವನ ಸ್ಮರಣೆಗೆ ನಾವೂ ಬೀದಿಯ ಅಂಗಡಿಯವರೂ ಸೇರಿದ್ದೆವು. ದೊಡ್ಡ ಫೋಟೊದ ಮುಂದೆ ಹೂವಿಡಲು ಬಂದ ಅವನ ಅಕ್ಕ ಹಾಗೇ ನಿಂತುಬಿಟ್ಟರು.

"ಇದ್ಯಾರು? ನನ್ ತಮ್ಮ ಇಷ್ಟು ಬೆಳ್ಳಗಿರ್ಲಿಲ್ಲ."

ಸ್ಟುಡಿಯೊದವನು ಹಲ್ಲುಕಿರಿದ. "ಎಲ್ರಿಗೂ ಮಾಡೋ ಹಾಗೆ ಸ್ವಲ್ಪ ಬೆಳ್ಳಗೆ ಮಾಡ್ದೆ ಅಕ್ಕಾ. ಚೆನ್ನಾಗಿ ಕಾಣ್ಲಿ ಅಂತ."

ಯಾವ ಬಣ್ಣಕ್ಕಾಗಿ ಅವನ ಜೀವ ತೆಗೆದರೋ ಅದನ್ನೇ ಈ ಮಹಾರಾಯ ಒರೆಸಿಹಾಕಿದ್ದ! ಬೆಳಿಗ್ಗೆಯಿಂದ ಆ ಫೋಟೊ ಹೊತ್ತು ತಿರುಗಿದ ನಮ್ಮ ಕಣ್ಣೇನು ಇಂಗಿಹೋಗಿತ್ತೆ?

ಅಕ್ಕ ಅಳಲಿಲ್ಲ. ಫೋಟೊವನ್ನು ಹಿಂದುಮುಂದಾಗಿ ತಿರುಗಿಸಿಟ್ಟರು. ಹೂವನ್ನು ಅವನು ಬಿದ್ದಿದ್ದ ನೆಲದ ಮೇಲಿಟ್ಟರು. "ನನ್ ತಮ್ಮ ಇಲ್ಲಿದ್ದ," ಎಂದರು.

ಫೋಟೊ ಯಾರಿಗೂ ಬೇಡವಾಯಿತು. ಈಗ ನನ್ನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದೆ. ಹರಿದುಹಾಕೋಣವೆಂದು ಎದ್ದು ತಿರುಗಿಸಿದೆ. ಕೈ ಬರಲಿಲ್ಲ. ಹಾಳಾದ್ದು, ಕಣ್ಣು ಮಾತ್ರ ಅವನದೇ.